ತಡೆದ ಕೈಯ ಸೇಡು: ‘ದಿ ಬಿಗ್ ಬಾಸ್’ ಮತ್ತು ಅವಕಾಶಕ್ಕೆ ಕಾದಿದ್ದ ಬ್ರೂಸ್ ಲೀ

ಕುಂಗ್‌ಫೂ ಚಿತ್ರವೆಂದರೆ ಬ್ರೂಸ್ ಲೀ, ಬ್ರೂಸ್ ಲೀ ಎಂದರೆ ‘ಎಂಟರ್ ದಿ ಡ್ರ್ಯಾಗನ್’ ಎಂಬ ಭಾವನೆ ಭಾರತದ ಪ್ರೇಕ್ಷಕರಲ್ಲಿ ಬಹಳ ಗಟ್ಟಿಯಾಗಿ ಬೇರೂರಿರುವುದರಿಂದ, ಅದಕ್ಕೂ ಎರಡು ವರ್ಷ ಮೊದಲು ಥಾಯ್ಲೆಂಡಿನ ಒಂದು ಸಣ್ಣ ಊರಿನಲ್ಲಿ ಅಲ್ಪ ಬಂಡವಾಳದಿಂದ ತಯಾರಾದ ‘ದಿ ಬಿಗ್ ಬಾಸ್’ ಎಂಬ ಚಿತ್ರ ಹೆಚ್ಚಿನವರ ನೆನಪಿನಿಂದ ಮರೆಯಾಗಿದೆ. ಲೀ ಅವರು ವಯಸ್ಕ ನಾಯಕನಟರಾಗಿ ಕಾಣಿಸಿಕೊಂಡ ಮೊದಲ ಸಮರಕಲೆಯ ಚಿತ್ರ ಇದೇ ಆಗಿದ್ದು, 1971ರ ಅಕ್ಟೋಬರ್ ಕೊನೆಯಲ್ಲಿ ಹಾಂಗ್‌ಕಾಂಗ್‌ನಲ್ಲಿ ತೆರೆಕಂಡ ಕೆಲವೇ ವಾರಗಳಲ್ಲಿ ಅಲ್ಲಿನ ಚಿತ್ರೋದ್ಯಮದ ದಿಕ್ಕನ್ನೇ ಬದಲಿಸಿತು. ಕತೆ ಸರಳ: ಕೊಲೆಯಾದ ಬಂಧುಗಳಿಗಾಗಿ ಒಬ್ಬ ಕೂಲಿಯಾಳು ಸೇಡು ತೀರಿಸಿಕೊಳ್ಳುತ್ತಾನೆ. ಆದರೆ ಆ ಕೂಲಿಯಾಳು ಕೈಯೆತ್ತುವ ಮೊದಲು ಚಿತ್ರದ ಹೆಚ್ಚುಕಡಿಮೆ ಅರ್ಧ ಭಾಗ ಕಳೆದುಹೋಗಿರುತ್ತದೆ. ಹೊಡೆದಾಟಕ್ಕೆಂದೇ ಹುಟ್ಟಿದ ಚಿತ್ರವೊಂದು ತನ್ನ ಹೊಡೆದಾಟಗಾರನನ್ನು ಇಷ್ಟು ಹೊತ್ತು ಕಟ್ಟಿಹಾಕಿದ್ದರಲ್ಲಿಯೇ ಅದರ ಬಲವಿದೆ. ಹಾಗೆ ಕಟ್ಟಿಹಾಕಲು ಕಾರಣವಾದ ಸಂಗತಿಗಳಲ್ಲಿ ಕಲಾತ್ಮಕ ಯೋಜನೆಯಷ್ಟೇ ಪಾಲು ಆಕಸ್ಮಿಕಕ್ಕೂ ಇದೆ.

ಲೀ ಹುಟ್ಟಿದ್ದು 1940ರ ನವೆಂಬರ್ 27ರಂದು, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ. ತಂದೆ ಲೀ ಹೊಯ್-ಚುಯೆನ್ ಕ್ಯಾಂಟನೀಸ್ ಆಪೆರಾದ, ಅಂದರೆ ದಕ್ಷಿಣ ಚೀನಾದ ಹಾಡು, ಅಭಿನಯ ಮತ್ತು ಅಂಗಸಾಧನೆಗಳು ಬೆರೆತ ರಂಗಪ್ರಕಾರದ ನಟರಾಗಿದ್ದು, ಆ ಸಮಯದಲ್ಲಿ ತಂಡದೊಂದಿಗೆ ಪ್ರವಾಸದಲ್ಲಿದ್ದರು. ಮಗು ಬೆಳೆದದ್ದು ಹಾಂಗ್‌ಕಾಂಗ್‌ನಲ್ಲಿ. ಬಾಲನಟನಾಗಿ ಅಲ್ಲಿನ ಹಲವು ಚಿತ್ರಗಳಲ್ಲಿ ಅಭಿನಯಿಸಿದ ಆ ಹುಡುಗ ಹದಿಹರೆಯದಲ್ಲಿ ಇಪ್ ಮ್ಯಾನ್ ಎಂಬ ಗುರುವಿನ ಬಳಿ ವಿಂಗ್ ಚುನ್ ಕಲಿತನು. ಎದುರಾಳಿಗೆ ತೀರ ಹತ್ತಿರದಲ್ಲಿ ನಿಂತು, ಅವನ ಕೈಯನ್ನು ತಡೆಯುತ್ತಲೇ ಅತಿ ಚಿಕ್ಕ ದಾರಿಯಲ್ಲಿ ಹೊಡೆತ ಹಾಕುವುದು ಈ ಸಮರಕಲೆಯ ತಿರುಳು. 1959ರಲ್ಲಿ ಅಮೆರಿಕಕ್ಕೆ ಮರಳಿದ ಲೀ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಓದುತ್ತ ಕುಂಗ್‌ಫೂ ಶಾಲೆ ತೆರೆದರು. 1964ರಲ್ಲಿ ಲಾಂಗ್ ಬೀಚ್‌ನ ಕರಾಟೆ ಸ್ಪರ್ಧೆಯಲ್ಲಿ ಅವರು ನೀಡಿದ ಪ್ರದರ್ಶನವನ್ನು ಕಂಡವರ ಮೂಲಕ ಹೆಸರು ಹಾಲಿವುಡ್‌ವರೆಗೆ ತಲುಪಿ, 1966ರಲ್ಲಿ ‘ದಿ ಗ್ರೀನ್ ಹಾರ್ನೆಟ್’ ಎಂಬ ದೂರದರ್ಶನ ಧಾರಾವಾಹಿಯಲ್ಲಿ ನಾಯಕನ ಕಾರು ಚಾಲಕ ಕೇಟೊನ ಪಾತ್ರ ಸಿಕ್ಕಿತು. ಆ ಧಾರಾವಾಹಿ 26 ಕಂತುಗಳಿಗೇ ನಿಂತುಹೋಯಿತು.

ಅಲ್ಲಿಂದ ಮುಂದಿನ ನಾಲ್ಕು ವರ್ಷ ಅವರ ಬದುಕಿನ ಅತ್ಯಂತ ಕಠಿಣ ಕಾಲ. ಸ್ಟೀವ್ ಮೆಕ್ವೀನ್, ಜೇಮ್ಸ್ ಕೋಬರ್ನ್‌ರಂಥ ತಾರೆಯರು ಅವರ ಬಳಿ ಕಲಿಯುತ್ತಿದ್ದರು, ಆದರೆ ಕಲಿಸುವವರಿಗೆ ತೆರೆಯ ಮೇಲೆ ದೊರೆಯುತ್ತಿದ್ದದ್ದು ಸಣ್ಣಪುಟ್ಟ ಪಾತ್ರಗಳು ಮಾತ್ರ. ಅಮೆರಿಕದಲ್ಲಿ ಅತಿ ಹೆಚ್ಚು ಸಂಭಾವನೆ ಪಡೆಯುವ ಮೊದಲ ಏಷ್ಯಾ ಮೂಲದ ತಾರೆಯಾಗಬೇಕೆಂಬ ಗುರಿಯನ್ನು 1969ರಲ್ಲಿ ತಮಗೆ ತಾವೇ ಕಾಗದದ ಮೇಲೆ ಬರೆದಿಟ್ಟುಕೊಂಡಿದ್ದ ಲೀ, ಮರುವರ್ಷ ಭಾರ ಎತ್ತುವ ವ್ಯಾಯಾಮದಲ್ಲಿ ಬೆನ್ನಿನ ಕೆಳಭಾಗದ ನರಕ್ಕೆ ಪೆಟ್ಟು ಮಾಡಿಕೊಂಡು ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಇನ್ನು ಮೊದಲಿನಂತೆ ಒದೆಯಲಾಗದೆಂದು ವೈದ್ಯರು ಹೇಳಿದ್ದರು. 1971ರ ಆರಂಭದಲ್ಲಿ ಅವರು ಕೋಬರ್ನ್ ಮತ್ತು ಚಿತ್ರಕತೆಗಾರ ಸ್ಟರ್ಲಿಂಗ್ ಸಿಲಿಫಾಂಟ್ ಅವರೊಂದಿಗೆ ಭಾರತಕ್ಕೂ ಬಂದಿದ್ದರೆಂಬುದು ಇಲ್ಲಿ ಹೆಚ್ಚು ಜನರಿಗೆ ತಿಳಿಯದ ಸಂಗತಿ. ವಾರ್ನರ್ ಬ್ರದರ್ಸ್ ಸಂಸ್ಥೆಗೆ ಭಾರತದಲ್ಲಿ ಬಂದಿದ್ದ ಗಳಿಕೆಯನ್ನು ಹೊರಗೆ ಒಯ್ಯಲು ನಿರ್ಬಂಧವಿದ್ದ ಕಾರಣ, ಆ ಹಣವನ್ನು ಇಲ್ಲಿಯೇ ಖರ್ಚು ಮಾಡುವ ಷರತ್ತಿನ ಮೇಲೆ ‘ದಿ ಸೈಲೆಂಟ್ ಫ್ಲೂಟ್’ ಎಂಬ ಸಮರಕಲೆಯ ಚಿತ್ರಕ್ಕೆ ಒಪ್ಪಿಗೆ ದೊರೆತಿತ್ತು. ಮೂವರೂ ಸ್ಥಳ ಹುಡುಕುತ್ತ ದೇಶ ಸುತ್ತಿದರು, ಕೋಬರ್ನ್‌ಗೆ ಸ್ಥಳಗಳು ಹಿಡಿಸಲಿಲ್ಲ, ಯೋಜನೆ ಬಿದ್ದುಹೋಯಿತು. ಅದು ಕೈಗೂಡಿದ್ದರೆ ಲೀ ಹಾಂಗ್‌ಕಾಂಗ್‌ನತ್ತ ತಿರುಗಿ ನೋಡುತ್ತಿದ್ದರೋ ಇಲ್ಲವೋ ಎಂಬ ಪ್ರಶ್ನೆ ಏಳದೆ ಇರದು.

ಇತ್ತ ಹಾಂಗ್‌ಕಾಂಗ್‌ನಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ಅಲ್ಲಿನ ಚಿತ್ರೋದ್ಯಮದ ಮೇಲೆ ಶಾ ಬ್ರದರ್ಸ್ ಸಂಸ್ಥೆಯ ಹಿಡಿತವಿದ್ದು, 1960ರ ದಶಕದ ನಡುವಿನಿಂದ ಜನ ಮುಗಿಬಿದ್ದು ನೋಡುತ್ತಿದ್ದದ್ದು ವೂಶಿಯಾ ಚಿತ್ರಗಳನ್ನು, ಅಂದರೆ ಪ್ರಾಚೀನ ಚೀನಾದ ಖಡ್ಗವೀರರ ಶೌರ್ಯ, ಸ್ವಾಮಿನಿಷ್ಠೆ ಮತ್ತು ಪ್ರತೀಕಾರದ ಕತೆಗಳನ್ನು. 1967ರ ‘ಒನ್-ಆರ್ಮ್ಡ್ ಸ್ವೋರ್ಡ್ಸ್‌ಮನ್’ ಈ ಧಾಟಿಯ ಮೈಲಿಗಲ್ಲು. ಅದರ ನಾಯಕ ಜಿಮ್ಮಿ ವಾಂಗ್ ಯು 1970ರಲ್ಲಿ ‘ದಿ ಚೈನೀಸ್ ಬಾಕ್ಸರ್’ ನಿರ್ದೇಶಿಸಿ ಖಡ್ಗವನ್ನು ಬದಿಗಿಟ್ಟು ಬರಿಗೈ ಕಾಳಗವನ್ನು ಮುಂದಕ್ಕೆ ತಂದರು. ಅದೇ ವರ್ಷ ಶಾ ಸಂಸ್ಥೆಯಿಂದ ಹೊರಬಂದ ರೇಮಂಡ್ ಚೌ ಗೋಲ್ಡನ್ ಹಾರ್ವೆಸ್ಟ್ ಎಂಬ ಹೊಸ ಸಂಸ್ಥೆ ಕಟ್ಟಿದ್ದು, ದೊಡ್ಡ ಸಂಸ್ಥೆಯೊಂದಿಗೆ ಸೆಣಸಲು ಅವರಿಗೆ ಹೊಸ ಮುಖವೊಂದು ಬೇಕಿತ್ತು. ‘ಗ್ರೀನ್ ಹಾರ್ನೆಟ್’ ಹಾಂಗ್‌ಕಾಂಗ್‌ನಲ್ಲಿ ಪ್ರಸಾರವಾದಾಗ ಜನ ಅದನ್ನು ಕೇಟೊನದೇ ಕಾರ್ಯಕ್ರಮವೆಂಬಂತೆ ನೋಡಿದ್ದರು. ಅಮೆರಿಕ ಚಾಲಕನನ್ನಾಗಿ ಮಾಡಿದವನನ್ನು ಊರು ನಾಯಕನೆಂದು ಗುರುತಿಸಿತ್ತು. ನಿರ್ದೇಶಕ ಲೋ ವೆಯ್ ಅವರ ಪತ್ನಿ ಲಿಯು ಲಿಯಾಂಗ್-ಹುವಾ ಲಾಸ್ ಏಂಜಲಿಸ್‌ಗೆ ಹೋಗಿ, ಎರಡು ಚಿತ್ರಗಳಿಗೆ 15,000 ಅಮೆರಿಕನ್ ಡಾಲರ್‌ಗಳ ಒಪ್ಪಂದಕ್ಕೆ ಲೀ ಅವರ ಸಹಿ ಪಡೆದರು.

1971ರ ಜುಲೈನಲ್ಲಿ ಚಿತ್ರೀಕರಣ ಶುರುವಾದದ್ದು ಬ್ಯಾಂಕಾಕ್‌ನ ಈಶಾನ್ಯಕ್ಕಿರುವ ಪಾಕ್ ಚೊಂಗ್ ಎಂಬಲ್ಲಿ. ಬಿಸಿಲು, ಸೊಳ್ಳೆ, ಜಿರಲೆ, ಹೊಟ್ಟೆಗೆ ಒಗ್ಗದ ಊಟ ಇವೆಲ್ಲ ಲೀ ಅಲ್ಲಿಂದ ಪತ್ನಿ ಲಿಂಡಾಗೆ ಬರೆದ ಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಮೈತೂಕ ಇಳಿಯಿತು, ಕೈಬೆರಳು ಕೊಯ್ದುಕೊಂಡಿತು, ಪಾದದ ಕೀಲು ಉಳುಕಿತು, ಹಳೆಯ ಬೆನ್ನುನೋವು ಮರುಕಳಿಸಿತು. ಚಿತ್ರದ ಒಟ್ಟು ಬಂಡವಾಳ ಒಂದು ಲಕ್ಷ ಅಮೆರಿಕನ್ ಡಾಲರ್‌ಗಳ ಆಸುಪಾಸಿನಲ್ಲಿತ್ತು. ಮೊದಲು ನೇಮಕಗೊಂಡಿದ್ದ ನಿರ್ದೇಶಕ ವು ಚಿಯಾ-ಶಿಯಾಂಗ್ ಅವರನ್ನು ಕೆಲವೇ ದಿನಗಳಲ್ಲಿ ಬದಲಿಸಿ ಲೋ ವೆಯ್ ಅವರನ್ನು ಕರೆಸಲಾಯಿತು. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು ಬದಲಾವಣೆ. ಸಂಸ್ಥೆ ಆಗಲೇ ಬೆಳೆಸುತ್ತಿದ್ದ ಜೇಮ್ಸ್ ಟಿಯೆನ್ ಎಂಬ ಯುವನಟ ಈ ಚಿತ್ರದಲ್ಲಿ ಲೀ ಅವರಿಗೆ ಸರಿಸಮನಾದ, ಆರಂಭದಲ್ಲಿ ಅವರಿಗಿಂತ ದೊಡ್ಡದೇ ಆದ ನಾಯಕನ ಸ್ಥಾನದಲ್ಲಿದ್ದರು. ಚಿತ್ರೀಕರಣ ಸಾಗಿದಂತೆ ಲೀ ಕ್ಯಾಮೆರಾದ ಮುಂದೆ ಏನು ಮಾಡಬಲ್ಲರೆಂಬುದು ಸ್ಪಷ್ಟವಾಗಿ, ಟಿಯೆನ್ ಅವರ ಪಾತ್ರವನ್ನು ನಡುವೆಯೇ ಕೊಲ್ಲಿಸಿ ಉಳಿದ ಕತೆಯನ್ನು ಲೀ ಅವರ ಹೆಗಲಿಗೆ ಹೊರಿಸಲಾಯಿತು.

ಈ ತೀರ್ಮಾನದ ಗುರುತು ಚಿತ್ರದ ಮೈಮೇಲೆ ಹಾಗೆಯೇ ಉಳಿದಿದೆ. ಕತಾನಾಯಕ ಚೆಂಗ್ ಚಾವೊ-ಆನ್ ಹೊಟ್ಟೆಪಾಡಿಗಾಗಿ ಚೀನಾದಿಂದ ಥಾಯ್ಲೆಂಡಿಗೆ ಬಂದು, ಅಲ್ಲಿನ ಐಸ್ ಫ್ಯಾಕ್ಟರಿಯಲ್ಲಿ ದುಡಿಯುವ ದಾಯಾದಿ ಅಣ್ಣತಮ್ಮಂದಿರ ಮನೆ ಸೇರುತ್ತಾನೆ. ಇನ್ನೆಂದೂ ಜಗಳಕ್ಕೆ ಹೋಗುವುದಿಲ್ಲವೆಂದು ಅವನು ತಾಯಿಗೆ ಮಾತು ಕೊಟ್ಟಿದ್ದಾನೆ, ಆ ಮಾತಿನ ಕುರುಹಾಗಿ ಕೊರಳಲ್ಲಿ ಹಸಿರುಕಲ್ಲಿನ ಪದಕವೊಂದಿದೆ. ದಾರಿಯ ಬದಿಯಲ್ಲಿ ಐಸ್ ಮಾರುವ ಹುಡುಗಿಯನ್ನು ಪುಂಡರು ಕಾಡಿದಾಗ ಅವರನ್ನು ಬಡಿದು ಓಡಿಸುವವನು ಟಿಯೆನ್ ಅಭಿನಯಿಸಿದ ಶು ಚಿಯೆನ್. ಚೆಂಗ್ ಮುಷ್ಟಿ ಬಿಗಿದು, ಪದಕ ಮುಟ್ಟಿಕೊಂಡು, ಪಕ್ಕದಲ್ಲಿ ನಿಂತು ನೋಡುತ್ತಾನೆ. ತಾಯಿಗೆ ಕೊಟ್ಟ ಮಾತು ನಾಯಕನ ಕೈ ಕಟ್ಟುವುದು ಕನ್ನಡದ ಪ್ರೇಕ್ಷಕರಿಗೆ ವಿವರಿಸಬೇಕಾದ ಸಂಗತಿಯಲ್ಲ, ಇಲ್ಲಿನ ಎಷ್ಟೋ ಕತೆಗಳು ಅದರ ಮೇಲೆಯೇ ನಿಂತಿವೆ. ಆದರೆ ಇಲ್ಲಿ ಆ ಹಳೆಯ ತಂತ್ರಕ್ಕೆ ಹೊಸ ಕಸುವು ಬಂದದ್ದು, ತೆರೆಯ ಮೇಲೆ ಕೈ ಕಟ್ಟಿ ನಿಂತ ನಟನೂ ನಿಜಜೀವನದಲ್ಲಿ ಅದೇ ಸ್ಥಿತಿಯಲ್ಲಿದ್ದುದರಿಂದ. ಬೇರೊಬ್ಬರ ನಾಯಕತ್ವವನ್ನು ಪಕ್ಕದಲ್ಲಿ ನಿಂತು ನೋಡುವುದೇ ಹಿಂದಿನ ಐದು ವರ್ಷ ಲೀ ಅವರ ಪಾಲಿಗೆ ಬಂದ ಕೆಲಸವಾಗಿತ್ತು. ಆ ಮುಖದಲ್ಲಿ ಕಾಣುವ ತಾಳ್ಮೆಗೆಟ್ಟ ತಾಳ್ಮೆ ನಟನೆಯಿಂದ ಮಾತ್ರ ಬಂದದ್ದೆಂದು ನಂಬುವುದು ಕಷ್ಟ.

ಮಂಜುಗಡ್ಡೆಯೊಂದು ಒಡೆದು ಒಳಗಿನಿಂದ ಮಾದಕವಸ್ತುವಿನ ಪೊಟ್ಟಣ ಹೊರಬೀಳುವುದರೊಂದಿಗೆ ಕತೆ ಕಪ್ಪಾಗುತ್ತದೆ. ಅದನ್ನು ಕಂಡ ಇಬ್ಬರು ಕೆಲಸಗಾರರು ಹಣದ ಆಸೆಗೆ ಬಗ್ಗದ ಕಾರಣ ಕೊಲೆಯಾಗುತ್ತಾರೆ. ಅವರನ್ನು ಹುಡುಕಿಕೊಂಡು ಮಾಲೀಕನ ಬಂಗಲೆಗೆ ಹೋದ ಶು ಚಿಯೆನ್ ಕೂಡ ಮರಳಿ ಬರುವುದಿಲ್ಲ. ಅಲ್ಲಿಯವರೆಗೆ ನಾಯಕನೆಂದು ನಂಬಿದ್ದವನನ್ನೇ ಚಿತ್ರ ಕಸಿದುಕೊಂಡಾಗ ಪ್ರೇಕ್ಷಕನಿಗೆ ಆಸರೆ ತಪ್ಪಿದಂತಾಗುತ್ತದೆ. ಕಾಣೆಯಾದವರ ಬಗ್ಗೆ ಉತ್ತರ ಕೇಳಿ ಕೆಲಸಗಾರರು ಕೆಲಸ ನಿಲ್ಲಿಸುತ್ತಾರೆ, ಆಡಳಿತದವರು ಗೂಂಡಾಗಳನ್ನು ಕರೆಸುತ್ತಾರೆ, ಆ ಗಲಾಟೆಯಲ್ಲಿ ಒಬ್ಬನ ಕೈತಗುಲಿ ಚೆಂಗ್‌ನ ಪದಕ ಒಡೆಯುತ್ತದೆ. ಚಿತ್ರ ಶುರುವಾಗಿ ಆಗ ಸುಮಾರು ಮುಕ್ಕಾಲು ಗಂಟೆಯಾಗಿದೆ. ಮುಂದಿನ ಕಾದಾಟ ಅಳತೆಯಲ್ಲಿ ದೊಡ್ಡದೇನಲ್ಲ. ಆದರೆ ಅಷ್ಟು ಹೊತ್ತಿನ ಬಿಗಿತವೆಲ್ಲ ಕೆಲವು ಒದೆತಗಳಲ್ಲಿ ಸಡಿಲಗೊಳ್ಳುವಾಗ ಪ್ರೇಕ್ಷಕ ಕಾಣುವುದು ಒಬ್ಬ ತಾರೆಯ ಉದಯವನ್ನೇ.

ಆ ಒದೆತಗಳಲ್ಲಿ ಹೊಸತೇನಿತ್ತೆಂಬುದನ್ನು ತಿಳಿಯಲು ಆ ಕಾಲದ ಸಾಹಸದೃಶ್ಯಗಳ ರೀತಿಯನ್ನು ಗಮನಿಸಬೇಕು. ಹಾಂಗ್‌ಕಾಂಗ್ ಚಿತ್ರಗಳ ಹೊಡೆದಾಟದ ವಿನ್ಯಾಸ ಬಹುಮಟ್ಟಿಗೆ ಪೀಕಿಂಗ್ ಆಪೆರಾದಿಂದ ಬಂದದ್ದು. ಇಬ್ಬರೂ ಲಯಬದ್ಧವಾಗಿ ಹತ್ತಾರು ಹೊಡೆತಗಳನ್ನು ವಿನಿಮಯ ಮಾಡಿಕೊಳ್ಳುತ್ತ, ನೆಗೆಯುತ್ತ, ಲಾಗ ಹಾಕುತ್ತ ಸಾಗುವ ಆ ಕಾಳಗ ಕುಣಿತಕ್ಕೆ ಹತ್ತಿರವಾಗಿತ್ತು. ‘ಬಿಗ್ ಬಾಸ್’ನ ಸಾಹಸ ನಿರ್ದೇಶಕರೂ ಮಾಲೀಕನ ಪಾತ್ರಧಾರಿಯೂ ಆಗಿದ್ದ ಹಾನ್ ಯಿಂಗ್-ಚಿಯೆ ಈ ಪರಂಪರೆಯ ನುರಿತ ಕಲಾವಿದರು, ಕಿಂಗ್ ಹೂ ಅವರ ಪ್ರಸಿದ್ಧ ಖಡ್ಗವೀರ ಚಿತ್ರಗಳ ಕಾಳಗಗಳನ್ನು ಸಂಯೋಜಿಸಿದವರು. ಲೀ ಅವರ ಆಲೋಚನೆ ಇದಕ್ಕೆ ವಿರುದ್ಧ ದಿಕ್ಕಿನದಾಗಿತ್ತು. 1967ರಲ್ಲಿ ಅವರು ‘ಜೀತ್ ಕುನ್ ದೋ’ ಎಂದು ಹೆಸರಿಟ್ಟ ಪದ್ಧತಿಯಲ್ಲಿ, ಎದುರಾಳಿಯ ಹೊಡೆತ ಹೊರಡುತ್ತಿರುವಾಗಲೇ ಅದನ್ನು ಮುರಿದು, ಅನಗತ್ಯ ಚಲನೆಯಿಲ್ಲದೆ ಕಾದಾಟವನ್ನು ಮುಗಿಸುವುದೇ ಗುರಿ. ಒಂದು ಹೊಡೆತ ಬಿದ್ದರೆ ಮನುಷ್ಯ ನೆಲಕ್ಕೆ ಬೀಳಬೇಕು ಎಂಬುದು ಅವರ ನಿಲುವು. ಈ ಇಬ್ಬರ ನಡುವಿನ ಎಳೆದಾಟ ತೆರೆಯ ಮೇಲೆಯೇ ಕಾಣುತ್ತದೆ. ಟ್ರ್ಯಾಂಪೊಲಿನ್, ಅಂದರೆ ಸ್ಪ್ರಿಂಗಿನ ಹಾಸಿನಿಂದ ಚಿಮ್ಮಿ ಎತ್ತರಕ್ಕೆ ಹಾರುವ ಜಿಗಿತಗಳು ಹಾನ್ ಅವರ ಶೈಲಿಯವು. ಅಲುಗಾಡದೆ ನಿಂತು, ಕ್ಷಣಾರ್ಧದಲ್ಲಿ ಒದ್ದು, ಮತ್ತೆ ಅಲುಗಾಡದೆ ನಿಲ್ಲುವ ಗಳಿಗೆಗಳು ಲೀ ಅವರವು. ಹೊಡೆತದ ಮುಂಚಿನ ಮತ್ತು ಅನಂತರದ ಆ ಸ್ತಬ್ಧತೆಯೇ ಹೊಡೆತಕ್ಕೆ ತೂಕ ಕೊಡುತ್ತದೆಂಬುದನ್ನು ಅವರಷ್ಟು ಚೆನ್ನಾಗಿ ಅರಿತ ನಟ ಆ ತನಕ ಆ ಉದ್ಯಮದಲ್ಲಿ ಇರಲಿಲ್ಲ. ಸಾಲಾಗಿ ಒಂದರ ಹಿಂದೆ ಒಂದರಂತೆ ಬೀಳುವ ಒದೆತಗಳಿಂದಾಗಿ ಚೀನೀ ಪ್ರೇಕ್ಷಕರು ಅವರಿಗೆ ‘ಮೂರು ಕಾಲಿನ ಲೀ’ ಎಂಬ ಅಡ್ಡಹೆಸರನ್ನೂ ಕೊಟ್ಟರು.

ಚಿತ್ರದ ಸೇಡಿನ ಸ್ವರೂಪ ಇದಕ್ಕಿಂತಲೂ ಹೆಚ್ಚಿನ ವಿಚಾರಕ್ಕೆ ಅರ್ಹವಾದದ್ದು. ಖಡ್ಗವೀರರ ಕತೆಗಳಲ್ಲಿ ಸೇಡು ಗುರುವಿಗಾಗಿ, ಮನೆತನದ ಮಾನಕ್ಕಾಗಿ. ಇಲ್ಲಿ ಅದು ಕೂಲಿಯವರಿಗಾಗಿ. ಕೊಲ್ಲುವವನು ಉದ್ಯೋಗದಾತ, ಕೊಲೆಯ ಸ್ಥಳ ಕಾರ್ಖಾನೆ, ಹೆಣಗಳನ್ನು ಅಡಗಿಸಿಟ್ಟದ್ದು ಕೆಲಸಗಾರರೇ ದಿನವೂ ತಳ್ಳುವ ಮಂಜುಗಡ್ಡೆಗಳಲ್ಲಿ. ಹಾಂಗ್‌ಕಾಂಗ್ ಆಗ ಪ್ಲಾಸ್ಟಿಕ್, ಬಟ್ಟೆ, ಆಟಿಕೆಗಳ ಕಾರ್ಖಾನೆಗಳಿಂದ ತುಂಬಿದ ನಗರವಾಗಿತ್ತು. 1967ರಲ್ಲಿ ಅಲ್ಲಿ ನಡೆದ ಭಾರಿ ಗಲಭೆಗಳು ಶುರುವಾದದ್ದು ಕೃತಕ ಹೂ ತಯಾರಿಸುವ ಕಾರ್ಖಾನೆಯೊಂದರ ಕಾರ್ಮಿಕ ವಿವಾದದಿಂದಲೇ. ಅಂಥ ನಗರದ ದುಡಿಯುವ ಜನ ಈ ಕತೆಯಲ್ಲಿ ತಮ್ಮ ಬದುಕನ್ನು ಕಂಡಿದ್ದರೆ ಆಶ್ಚರ್ಯವಿಲ್ಲ. ಚಿತ್ರದ ಅತ್ಯಂತ ಜಾಣ್ಮೆಯ ತಿರುವು ಕೂಡ ಇಲ್ಲಿಯೇ ಇದೆ: ಗಲಾಟೆಯಲ್ಲಿ ಗೆದ್ದ ಚೆಂಗ್‌ನನ್ನು ಆಡಳಿತದವರು ದಂಡಿಸುವುದಿಲ್ಲ, ಮೇಸ್ತ್ರಿಯನ್ನಾಗಿ ಮಾಡುತ್ತಾರೆ. ಊಟ, ಹೆಂಡ, ಹೆಣ್ಣಿನ ಸಂಗ ಒದಗಿಸುತ್ತಾರೆ. ಕಾಣೆಯಾದವರನ್ನು ಹುಡುಕುವ ಹೊಣೆಯನ್ನು ಅವನು ಮರೆಯುತ್ತಿದ್ದಂತೆ ಜೊತೆಗಾರರು ಮುಖ ತಿರುಗಿಸುತ್ತಾರೆ. ಸರಳ ಮನಸ್ಸಿನ ಹಳ್ಳಿಯವನೊಬ್ಬ ಸಣ್ಣ ಅಧಿಕಾರ ಸಿಕ್ಕೊಡನೆ ತನ್ನವರಿಂದ ದೂರವಾಗುವುದನ್ನು ಇಷ್ಟು ನೇರವಾಗಿ ತೋರಿಸಿದ ಸಾಹಸಚಿತ್ರಗಳು ವಿರಳ.

ಆ ಮರೆವಿಗೆ ತೆರಬೇಕಾದ ಬೆಲೆ ಭಯಂಕರವಾದದ್ದು. ವೇಶ್ಯೆಯೊಬ್ಬಳಿಂದ ಸುಳಿವು ಪಡೆದ ಚೆಂಗ್ ರಾತ್ರಿ ಕಾರ್ಖಾನೆಗೆ ನುಗ್ಗಿ ಮಂಜಿನೊಳಗಿನ ಹೆಣ ಕಾಣುತ್ತಾನೆ, ಅಲ್ಲಿಯೇ ಮಾಲೀಕನ ಮಗನನ್ನೂ ಅವನ ಕಡೆಯವರನ್ನೂ ಕೊಲ್ಲುತ್ತಾನೆ. ಮನೆಗೆ ಮರಳಿದಾಗ ಬಂಧುಗಳು ಹೆಣವಾಗಿ ಬಿದ್ದಿರುತ್ತಾರೆ. ಹೊಳೆಯ ದಡದಲ್ಲಿ ಅವನು ಒಬ್ಬನೇ ಕುಳಿತು, ಓಡಿಹೋಗಿ ಬದುಕುವುದೋ ಹೋಗಿ ಸಾಯುವುದೋ ಎಂದು ತನ್ನೊಳಗೇ ಹೊಯ್ದಾಡುವ ದೃಶ್ಯದಲ್ಲಿ ಲೀ ಅವರ ಅಭಿನಯ ಹದಗೆಟ್ಟಂತೆ ಕಂಡರೂ ಅದರ ಹಿಂದಿನ ಭಾವ ಪ್ರಾಮಾಣಿಕವಾದದ್ದು. ಕೊನೆಯ ಕಾಳಗದಲ್ಲಿ ಗೆಲುವಿನ ಸಂಭ್ರಮವಿಲ್ಲ. ಸತ್ತವನ ಮೇಲೆ ಬಿದ್ದು ಗುದ್ದುತ್ತಲೇ ಇರುವ ಚೆಂಗ್, ಪೊಲೀಸರು ಬಂದಾಗ ಕೈಯೆತ್ತಿ ಶರಣಾಗುತ್ತಾನೆ. ಸೇಡು ತೀರಿಸಿಕೊಂಡವನಿಗೆ ಕಾದಿರುವುದು ಸೆರೆಮನೆಯೆಂಬ ಈ ಮುಕ್ತಾಯವನ್ನು ಕೇವಲ ಸೆನ್ಸಾರ್‌ಗಾಗಿ ಮಾಡಿದ ಹೊಂದಾಣಿಕೆಯೆಂದು ತಳ್ಳಿಹಾಕಲಾಗದು, ಏಕೆಂದರೆ ತಾಯಿಗೆ ಕೊಟ್ಟ ಮಾತು ತಪ್ಪಿದ ಭಾರ ಅವನ ಮೇಲೆ ಮೊದಲಿನಿಂದಲೂ ಇದೆ.

ಚಿತ್ರ ದೋಷಗಳಿಂದ ಮುಕ್ತವಾಗಿಲ್ಲ. ಕತೆಯ ನಡಿಗೆ ಅಲ್ಲಲ್ಲಿ ಕುಂಟುತ್ತದೆ, ಇಬ್ಬರು ನಾಯಕರ ಗೊಂದಲ ಮೊದಲರ್ಧದಲ್ಲಿ ತೀರಿಲ್ಲ, ಥಾಯ್ಲೆಂಡಿನ ಜನಜೀವನ ಕೇವಲ ಹಿನ್ನೆಲೆಯ ಪರದೆಯಾಗಿ ಉಳಿದಿದೆ. ಗುದ್ದಿದ ರಭಸಕ್ಕೆ ಮನುಷ್ಯನೊಬ್ಬ ಮರದ ಗೋಡೆಯನ್ನು ತೂರಿಹೋಗಿ, ಗೋಡೆಯಲ್ಲಿ ಅವನ ಆಕಾರದ್ದೇ ರಂಧ್ರ ಉಳಿಯುವಂಥ ವ್ಯಂಗ್ಯಚಿತ್ರದ ಕಲ್ಪನೆ, ಅಷ್ಟು ರಕ್ತ ಹರಿಯುವ ಚಿತ್ರದಲ್ಲಿ ಕಿರಿಕಿರಿಯನ್ನೇ ಉಂಟುಮಾಡುತ್ತದೆ.

ಆದರೂ ಜನ ಕೊಟ್ಟ ತೀರ್ಪು ಸ್ಪಷ್ಟವಾಗಿತ್ತು. ಕೆಲವೇ ವಾರಗಳಲ್ಲಿ ಹಾಂಗ್‌ಕಾಂಗ್ ಒಂದರಲ್ಲಿಯೇ ಸುಮಾರು 32 ಲಕ್ಷ ಹಾಂಗ್‌ಕಾಂಗ್ ಡಾಲರ್ ಗಳಿಸಿದ ಈ ಚಿತ್ರ, ಅದುವರೆಗೆ ‘ದಿ ಸೌಂಡ್ ಆಫ್ ಮ್ಯೂಸಿಕ್’ ಹೆಸರಿನಲ್ಲಿದ್ದ ಗಲ್ಲಾಪೆಟ್ಟಿಗೆಯ ದಾಖಲೆಯನ್ನು ಮುರಿಯಿತು. 1972ರ ಮಾರ್ಚ್‌ನಲ್ಲಿ ಬಂದ ‘ಫಿಸ್ಟ್ ಆಫ್ ಫ್ಯೂರಿ’ ಆ ದಾಖಲೆಯನ್ನೂ ಮುರಿಯಿತು. ಅದೂ ಸೇಡಿನ ಚಿತ್ರವೇ, ಆದರೆ ಅಲ್ಲಿ ಶಾಂಘೈನ ಶಿಷ್ಯನೊಬ್ಬ ತನ್ನ ಗುರುವಿನ ಸಾವಿಗೆ ಜಪಾನೀಯರ ಮೇಲೆ ಹಗೆ ತೀರಿಸಿಕೊಳ್ಳುವುದರಿಂದ, ಕೂಲಿಯವನ ಸಿಟ್ಟು ರಾಷ್ಟ್ರದ ಸಿಟ್ಟಾಗಿ ಬದಲಾಗಿದೆ. ತಂತ್ರದಲ್ಲಿ ಎರಡನೆಯದು ಮೇಲಾದರೂ ದುಡಿಯುವ ಮನುಷ್ಯನ ಸಂಕಟಕ್ಕೆ ಹತ್ತಿರವಾದದ್ದು ಮೊದಲನೆಯದೇ. 1973ರಲ್ಲಿ ಇವೆರಡೂ ಅಮೆರಿಕಕ್ಕೆ ಹೋದಾಗ ಹೆಸರುಗಳು ಅದಲುಬದಲಾದವು: ‘ಬಿಗ್ ಬಾಸ್’ ಅಲ್ಲಿ ‘ಫಿಸ್ಟ್ಸ್ ಆಫ್ ಫ್ಯೂರಿ’ಯಾಯಿತು, ಮಾದಕವಸ್ತುವಿನ ಕತೆಗೆ ಒಪ್ಪುತ್ತಿದ್ದ ‘ದಿ ಚೈನೀಸ್ ಕನೆಕ್ಷನ್’ ಎಂಬ ಹೆಸರು ಎರಡನೆಯ ಚಿತ್ರಕ್ಕೆ ಅಂಟಿಕೊಂಡು, ಆ ಗೊಂದಲ ದಶಕಗಳ ಕಾಲ ಮುಂದುವರಿಯಿತು. ಅದೇ ವರ್ಷದ ಜುಲೈ 20ರಂದು, 32ನೇ ವಯಸ್ಸಿನಲ್ಲಿ, ‘ಎಂಟರ್ ದಿ ಡ್ರ್ಯಾಗನ್’ ತೆರೆಕಾಣುವ ಮೊದಲೇ ಲೀ ತೀರಿಕೊಂಡರು.

ಪಾಕ್ ಚೊಂಗ್‌ನಲ್ಲಿ ಅವರೊಂದಿಗಿದ್ದವರ ಮುಂದಿನ ಹಾದಿ ಬೇರೆಬೇರೆಯಾಯಿತು. ಮೊದಲರ್ಧದ ನಾಯಕರಾಗಿದ್ದ ಜೇಮ್ಸ್ ಟಿಯೆನ್ ಮುಂದೆ ಪೋಷಕ ಪಾತ್ರಗಳಲ್ಲೂ ಖಳನ ಪಾತ್ರಗಳಲ್ಲೂ ಹೆಚ್ಚಾಗಿ ಕಾಣಿಸಿಕೊಂಡರು. ಲೋ ವೆಯ್ 1976ರಲ್ಲಿ ‘ನ್ಯೂ ಫಿಸ್ಟ್ ಆಫ್ ಫ್ಯೂರಿ’ ತೆಗೆದು, ‘ಫಿಸ್ಟ್ ಆಫ್ ಫ್ಯೂರಿ’ಯಲ್ಲಿ ಸಾಹಸ ಕಲಾವಿದನಾಗಿ ದುಡಿದಿದ್ದ ಜಾಕಿ ಚಾನ್ ಅವರನ್ನು ಅದೇ ಸೇಡಿನ ಅಚ್ಚಿಗೆ, ಅದೇ ಬಿಗಿದ ಮುಖಕ್ಕೆ ಹೊಂದಿಸಲು ನೋಡಿದರು. ಚಿತ್ರ ಸೋತಿತು. ಚಾನ್ ಅವರಿಗೆ ತಮ್ಮದೇ ದಾರಿ ಸಿಕ್ಕಿದ್ದು 1978ರಲ್ಲಿ ‘ಸ್ನೇಕ್ ಇನ್ ದಿ ಈಗಲ್ಸ್ ಶ್ಯಾಡೊ’ದ ಮೂಲಕ, ಬೇರೆ ಸಂಸ್ಥೆಯಲ್ಲಿ, ಬೇರೆ ನಿರ್ದೇಶಕರ ಕೈಯಲ್ಲಿ, ಪೆಟ್ಟು ತಿಂದು ನೋವಿನಿಂದ ಮುಖ ಕಿವುಚಿ ಜನರನ್ನು ನಗಿಸುವ ಕುಂಗ್‌ಫೂ ಹುಡುಗನಾದಾಗ.